ಬೆನಿಗ್ನಾ ಅತ್ತೆ ಕೊಂಡ ಬಂದೂಕು

ಚಳಿಗಾಲದಲ್ಲಿ ಹಂದಿ ಕೊಯ್ದು ಊರೆಲ್ಲ ಸೇರಿ ಉಣ್ಣುವ ದಿನಕ್ಕೆ ನಮ್ಮ ಅಲಾಮಿತೊದಲ್ಲಿ ಮತಾನ್ಸಾ ಎನ್ನುತ್ತೇವೆ. ಕಣಿವೆಯ ಯಾರ ಮನೆಯಲ್ಲಿ ಮತಾನ್ಸಾ ಇದ್ದರೂ ಹಿಂದಿನ ಸಂಜೆ ಆ ಮನೆಯವರೊಬ್ಬರು ನನ್ನ ಸೋದರತ್ತೆ ಬೆನಿಗ್ನಾಳ ಬಾಗಿಲು ತಟ್ಟುತ್ತಿದ್ದರು. "ನಾಳೆ ಬರ್ತೀಯಲ್ಲ?" ಎಂದು ಕೇಳಿ ಹೊರಟುಬಿಡುತ್ತಿದ್ದರು. ಯಾತಕ್ಕೆ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಹಂದಿಗೆ ಗುಂಡು ಹೊಡೆಯುವವಳು ಅವಳೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅತ್ತೆ ಬದುಕಿನ ಬಹುಭಾಗ ಕಳೆದದ್ದು ಶಾಲೆಯ ಅಡುಗೆಮನೆಯಲ್ಲಿ. ಇವತ್ತು ಮೀಸೆ ತಿರುವುವ ಗಂಡಸರೆಲ್ಲ ಅವಳ ಕೈಯ ಹುರುಳಿಕಾಯಿ ಬೀಜದ ಸಾರು ಉಂಡು ಬೆಳೆದವರು. ಬಂದೂಕು ಅವಳ ಕೈಗೆ ಬಂದದ್ದು ತಾತನ ಕಣ್ಣಿಗೆ ಪೊರೆ ಬಂದಾಗ. ರೂಢಿಯಂತೆ ಅದು ಮಗನಿಗೆ, ಅಂದರೆ ನನ್ನ ಅಪ್ಪ ಎಫೇಮಿಯೊನಿಗೆ ಬರಬೇಕಿತ್ತು. ಆದರೆ ಅಪ್ಪನಿಗೆ ಹಂದಿ ಸಾಕುವುದು ಗೊತ್ತಿತ್ತು, ಕೊಲ್ಲುವುದು ಗೊತ್ತಿರಲಿಲ್ಲ. ಮರಿ ತಂದ ದಿನವೇ ಅದಕ್ಕೊಂದು ಹೆಸರಿಡುತ್ತಿದ್ದ. ಹಾಗಾಗಿ ಅಕ್ಕ ಬಂದೂಕು ಹಿಡಿದಳು. ತಮ್ಮನಾದ ಅಪ್ಪ ಹಂದಿಯ ಹಿಂಗಾಲಿಗೆ ಕಟ್ಟಿದ ಹಗ್ಗ ಹಿಡಿದು, ಮುಖ ಆಚೆ ತಿರುಗಿಸಿ ನಿಂತ. ಅಂದಿನಿಂದ ಕಣಿವೆಯ ಎಲ್ಲ ಮನೆಗಳಲ್ಲೂ ಈ ಇಬ್ಬರೇ.

ಅತ್ತೆಯ ಗುರಿಯನ್ನು ಹೊಗಳುವವರು ಬಹಳ. ನನಗೆ ಕಂಡಂತೆ ಅವಳ ನಿಜವಾದ ಗುಣ ಕಾಯುವುದು. ಹಂದಿಯ ಮುಂದೆ ಒಂದು ಬೊಗಸೆ ಜೋಳ ಸುರಿದು, ಬಂದೂಕನ್ನು ಲಂಗದ ಮರೆಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಅದು ತಲೆ ತಗ್ಗಿಸಿ ತಿನ್ನತೊಡಗಿದ ಮೇಲೆಯೇ ಬಂದೂಕು ಮೇಲೇಳುತ್ತಿತ್ತು. ನಡುವೆ ಅದು ತಲೆ ಎತ್ತಿದರೆ ಹೊಡೆಯುತ್ತಿರಲಿಲ್ಲ. ನಮ್ಮ ಕಡೆಯ ಬಂದೂಕುಗಳ ಹಿಂಬದಿಯಲ್ಲಿ ಉಕ್ಕಿನ ಒಂದು ಕೊಕ್ಕೆ ಹೊರಗೇ ಕಾಣುತ್ತದೆ, ಅದೇ ಕುದುರೆ. ಹೊಡೆಯುವ ಮುಂಚೆ ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು. ಹೊಡೆಯುವುದಿಲ್ಲವೆಂದಾದರೆ ಹೆಬ್ಬೆರಳಿನಿಂದಲೇ ತಡೆದು ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಒಳಗೆ ತೋಟಾ ಇದ್ದಾಗ ಇದು ಜೀವಕ್ಕೆ ಕುತ್ತು ತರುವ ಕೆಲಸ. ಅತ್ತೆ ಎಷ್ಟು ಸಲ ಬೇಕಾದರೂ ಕುದುರೆ ಇಳಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಹಿಮದಲ್ಲಿ ಕಾಲು ಕುಟ್ಟುತ್ತ ನಿಂತವರು ಗೊಣಗುತ್ತಿದ್ದರು. "ಅದಕ್ಕೆ ಗೊತ್ತಾಗಬಾರದು" ಎನ್ನುವುದು ಅವಳ ಒಂದೇ ಉತ್ತರ.

ಹೋದ ಚಳಿಗಾಲ ನಮ್ಮ ಮನೆಯ ಮತಾನ್ಸಾದಲ್ಲೇ ಕೆಟ್ಟದ್ದು ನಡೆಯಿತು. ನಾಯಿ ಬೊಗಳಿ ಹಂದಿ ತಲೆ ಎತ್ತಿತು. ಅತ್ತೆ ಬಂದೂಕು ತಗ್ಗಿಸಿದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಗುಂಡು ಹಾರಿತು. ಅದು ಅಪ್ಪನ ಬೂಟಿನ ಪಕ್ಕದ ಹೆಪ್ಪುಗಟ್ಟಿದ ನೆಲ ಒಡೆದು, ಮಣ್ಣಿನ ಚೂರು ಅವನ ಮೊಣಕಾಲಿಗೆ ಬಡಿಯಿತು. ಹಗ್ಗ ಬಿಟ್ಟುಹೋಯಿತು. ಹಂದಿ ಅಂಗಳವೆಲ್ಲ ಓಡಿತು. ಕೊನೆಗೆ ದೊಡ್ಡಮ್ಮನ ಮಗ ಅಡೆಲೈದೊ ತನ್ನ ಪಿಸ್ತೂಲಿನಿಂದ ಮತ್ತೆ ಮತ್ತೆ ಹೊಡೆದು ಬೀಳಿಸಿದ. ಹಂದಿಯ ಆ ಕೂಗು ಇಗರ್ಜಿಯವರೆಗೂ ಕೇಳಿಸಿತಂತೆ. ಕಣ್ಣು ಮಂಜಾಯಿತು ಎಂದು ಅತ್ತೆ ಹೇಳಿದಳು. ಗುಂಡು ಹೊಡೆದವರಿಗೆ ಮೊದಲು ಕೊಡುವ ಬಿಸಿ ಈಲಿಯ, ಅಂದರೆ ಹಂದಿಯ ಯಕೃತ್ತಿನ, ತುಂಡನ್ನು ಅವಳು ಮುಟ್ಟಲಿಲ್ಲ. ಆ ಚಳಿಗಾಲ ಅವಳ ಬಾಗಿಲನ್ನು ಮತ್ತೆ ಯಾರೂ ತಟ್ಟಲಿಲ್ಲ. ಅಪ್ಪ ಆ ಮಾತೇ ಎತ್ತಲಿಲ್ಲ. ಬೇಸಿಗೆಯಲ್ಲಿ ಹೊಸ ಹಂದಿ ದಪ್ಪಗಾಗುತ್ತಿದ್ದಾಗ ಮಾತ್ರ, ಈ ಸಲ ಅಡೆಲೈದೊನಿಗೇ ಹೇಳಿದರಾಯಿತು ಎಂದ.

ಬೇಸಿಗೆ ಮುಗಿದು, ಹೊಸ ಮೆಣಸಿನಕಾಯಿಯನ್ನು ಬೀದಿಯಲ್ಲಿ ಸುಟ್ಟು ಮಾರುವ ಕಾಲದಲ್ಲಿ ಅತ್ತೆ ನನ್ನನ್ನು ಕರೆದು ಪೇಟೆಗೆ ಕರೆದುಕೊಂಡು ಹೋಗೆಂದಳು. ಹೊಸ ಬಂದೂಕು ಕೊಳ್ಳಬೇಕಂತೆ. ತಾತನ ಕಾಲದ್ದು ಜಿಂಕೆ ಹೊಡೆಯುವ ಬಂದೂಕು. ಅದರ ಒದೆತಕ್ಕೆ ಅವಳ ಭುಜ ದಿನವಿಡೀ ನೋಯುತ್ತಿತ್ತು. ಸುದ್ದಿ ಕೇಳಿದ ಅಪ್ಪ, ಯಾರೂ ಕರೆಯದಿದ್ದರೂ ಟೋಪಿ ಹಾಕಿಕೊಂಡು ಬಂದು ಕಾರಿನಲ್ಲಿ ಕೂತ. ಅತ್ತೆ ತನ್ನ ದಪ್ಪ ಉಣ್ಣೆಯ ಕೋಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಇದ್ಯಾಕೆ ಎಂದು ಅಪ್ಪ ಕೇಳಿದ. ಅವಳು ಕಿಟಕಿಯ ಗಾಜು ಇಳಿಸಿದಳು, ಅಷ್ಟೆ.

ಬಂದೂಕಿನ ಅಂಗಡಿಯ ಒನೋಫ್ರೆ ಅಪ್ಪನ ಜೊತೆ ಶಾಲೆಗೆ ಹೋದವನು. ಅವನು ಗೋಡೆಯಿಂದ ಮೊದಲು ಇಳಿಸಿದ್ದು ಫಾರ್ಟಿಫೋರ್ ಎಂಬ ದಪ್ಪ ತೋಟಾದ ಬಂದೂಕು.

"ಇದ್ರಲ್ಲಿ ಹೊಡೆದ್ರೆ ಕರಡೀನೂ ಮಲಗುತ್ತೆ, ಅಕ್ಕ."

"ನಮ್ಮ ಹಂದಿಗೂ ಕರಡಿಗೂ ಏನು ಸಂಬಂಧ ಕಣೋ? ಹಂದೀನೂ ದಾಟಿ, ಬೇಲೀನೂ ದಾಟಿ, ಪಕ್ಕದ ಮನೆ ಹಸೂಗೆ ಹೋಗಿ ತಾಗ್ಬೇಕಾ?"

ತನಗೆ ಬೇಕಾದದ್ದು ಏನೆಂದು ಅವಳು ಸಾವಧಾನವಾಗಿ ಹೇಳಿದಳು. ಅವಳ ಗಂಡ, ತೀರಿಹೋದ ನನ್ನ ಮಾವ, ಒಂದು ರಿವಾಲ್ವರನ್ನೂ ಕಾಫಿ ಡಬ್ಬದ ತುಂಬ ಅದರ ತೋಟಾಗಳನ್ನೂ ಬಿಟ್ಟುಹೋಗಿದ್ದ. ಅದೇ ತೋಟಾ ಹಿಡಿಯುವ ಬಂದೂಕು ಬೇಕು, ಅಂದರೆ ತ್ರೀ ಫಿಫ್ಟಿಸೆವೆನ್. ಅದರಲ್ಲಿ ಇನ್ನೂ ಮೆತ್ತಗಿನ, ಗಿಡ್ಡನೆಯ ಥರ್ಟಿಯೆಯ್ಟ್ ತೋಟಾವನ್ನೂ ಹಾಕಬಹುದು. ಒದೆತ ಇಲ್ಲ, ಸದ್ದೂ ಕಡಿಮೆ. ರಿವಾಲ್ವರಿನಲ್ಲೇ ಹೊಡೆಯಬಹುದಲ್ಲ ಎಂದು ಅಪ್ಪ ನಡುವೆ ಬಾಯಿ ಹಾಕಿದ. ರಿವಾಲ್ವರ್ ಕೈಯಲ್ಲಿ ನಡುಗುತ್ತದೆ, ಬಂದೂಕು ಭುಜಕ್ಕೆ ಒರಗುತ್ತದೆ ಎಂದಳು ಅತ್ತೆ. ಟ್ರಿಗರಿನ ಕೆಳಗಿನ ಬಳೆಯಂಥ ಲಿವರ್ ಎಳೆದು ಹೊಸ ತೋಟಾ ಏರಿಸುವಂಥದ್ದೇ ಯಾಕೆಂದರೆ, ಮೊದಲ ಗುಂಡು ಸಾಲದೆ ಹೋದರೆ ಬಂದೂಕಿನಿಂದ ಕೆನ್ನೆ ಎತ್ತದೆ, ಗುರಿಯಿಂದ ಕಣ್ಣು ಕೀಳದೆ, ಕೈಯನ್ನೊಮ್ಮೆ ಕೆಳಗೆ ಮೇಲೆ ಆಡಿಸಿ ಎರಡನೆಯದನ್ನು ಹೊಡೆಯಬಹುದು. ಎರಡನೆಯ ಗುಂಡು ಹಂದಿಯ ಹಕ್ಕು ಎಂದು ತಾತ ಹೇಳುತ್ತಿದ್ದನಂತೆ.

ಆಮೇಲೆ ಅವಳು ಕೋಟು ತೊಟ್ಟು ಗುಂಡಿ ಹಾಕಿಕೊಂಡಳು. ಕೈಗವಸನ್ನೂ ಹಾಕಿದಳು. ಒನೋಫ್ರೆ ನಗು ತಡೆಯಲು ಕೆಮ್ಮಿದ.

"ನಗು ನಗು. ಜನವರೀಲಿ ಬರೀ ಅಂಗೀಲಿ ನಿಂತು ಹಂದಿ ಹೊಡೆಯೋರು ಯಾರಿದ್ದಾರೆ ತೋರಿಸು ನೋಡೋಣ."

ಅವಳ ಮಾತು ಸರಿಯಿತ್ತು. ಅಂಗಿಯಲ್ಲಿ ಅಳತೆ ಸರಿಯೆನಿಸಿದ ಮರದ ಹಿಡಿ, ಕೋಟಿನಲ್ಲಿ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಕೆಲವುಗಳ ಲಿವರಿನ ಬಳೆಯೊಳಗೆ ಕೈಗವಸಿನ ಬೆರಳು ತೂರುತ್ತಿರಲಿಲ್ಲ. ಹೀಗೆ ಒಂದೊಂದಾಗಿ ಗೋಡೆಗೆ ಮರಳಿ, ಕೊನೆಗೆ ಎರಡು ಉಳಿದವು.

ಒಂದು ನೋಡಲು ಬಲು ಚೆಂದ. ಎಣ್ಣೆ ಕುಡಿದ ಅಕ್ರೋಟು ಮರ, ಹಳೆಯ ಕಾಲದ ರೂಪ, ಒಂದು ಗೀರೂ ಇಲ್ಲ. ಅಪ್ಪ ಅದನ್ನು ಮಗುವಿನಂತೆ ಎತ್ತಿಕೊಂಡ. ಇನ್ನೊಂದು ಅದೇ ಅಳತೆಯದು, ಯಾರೋ ಬಳಸಿ ಬಿಟ್ಟದ್ದು. ಅದರ ಮೈಯಲ್ಲಿ ಕುದುರೆಯ ಪಕ್ಕಕ್ಕೇ ಉಕ್ಕಿನ ಒಂದು ಗುಂಡಿ ಇತ್ತು. ಅದನ್ನು ಆಚೆಯಿಂದ ಒತ್ತಿಟ್ಟರೆ ಕುದುರೆ ಬಿದ್ದರೂ ತೋಟಾಕ್ಕೆ ಏಟು ತಾಗುವುದಿಲ್ಲ; ಈಚೆಯಿಂದ ಒತ್ತಿದರೆ ಮತ್ತೆ ಹೊಡೆಯಬಹುದು. ಹಳೆಯ ಬಂದೂಕುಗಳಲ್ಲಿ ಅದಿಲ್ಲ. ನಮ್ಮವರಿಗೆ ಅದನ್ನು ಕಂಡರೆ ಆಗದು.

"ಚೆಂದದ ಹುಡುಗಿ ಮೂಗಿನ ಮೇಲೆ ನರಹುಲಿ ಇದ್ದಂಗಿದೆ," ಎಂದ ಅಪ್ಪ. ಕಂಪನಿಯ ವಕೀಲರು ಹೆದರಿ ಹಾಕಿಸಿದ್ದು ಎಂದು ಒನೋಫ್ರೆಯೂ ದನಿಗೂಡಿಸಿದ. ಬಂದೂಕು ಹಿಡಿಯಲು ಬರದವರಿಗೆ ಅದು ಎಂದು ಇಬ್ಬರೂ ನಕ್ಕರು.

ಅತ್ತೆ ನಗಲಿಲ್ಲ. ಬಂದೂಕು ಖಾಲಿಯಿದೆಯೇ ಎಂದು ತಾನೂ ನೋಡಿ, ಒನೋಫ್ರೆಗೂ ತೋರಿಸಿ, ಚೆಂದದ್ದರ ನಳಿಗೆಯನ್ನು ಮೂಲೆಯ ಮರಳಿನ ಡಬ್ಬದತ್ತ ಹಿಡಿದಳು. ಕುದುರೆ ಎಳೆದಳು. ಮೆಲ್ಲಗೆ ಇಳಿಸಿದಳು. ಮತ್ತೆ ಎಳೆದಳು, ಇಳಿಸಿದಳು. ಕೊಳ್ಳುವವರೆಲ್ಲ ಗುರಿ ಹಿಡಿದು ನೋಡುತ್ತಾರೆ. ಅವಳು ಹೊಡೆಯದೆ ಬಿಡುವುದನ್ನೇ ನೋಡುತ್ತಿದ್ದಳು. ಹಾಗೆ ಮಾಡುತ್ತ ಮಾಡುತ್ತ ಒಮ್ಮೆ ಹೆಬ್ಬೆರಳಿನಿಂದ ಕುದುರೆ ಜಾರಿತು. ಟಕ್ಕೆಂದು ಬಿತ್ತು. ಖಾಲಿ ಬಂದೂಕಿನ ಸದ್ದು ಚಿಕ್ಕದೇ. ಆದರೂ ಒನೋಫ್ರೆ ತಲೆ ಎತ್ತಿ ನೋಡಿದ.

ಅವಳು ಬಂದೂಕನ್ನು ಮೇಜಿನ ಮೇಲಿಟ್ಟು ಕೈಗವಸು ಬಿಚ್ಚಿದಳು. ಹೆಬ್ಬೆರಳಿನ ಬುಡದ ಗಂಟು ಊದಿತ್ತು.

"ಎಫೇಮಿಯೊ, ಹೋದ ವರ್ಷ ನನ್ನ ಕಣ್ಣು ಮಂಜಾಗಿರ್ಲಿಲ್ಲ. ಹಂದಿ ಚೆನ್ನಾಗೇ ಕಾಣ್ತಿತ್ತು. ನೀನೂ ಕಾಣ್ತಿದ್ದೆ. ಹೊಡೆಯಲ್ಲ ಅಂತ ಕುದುರೆ ಇಳಿಸ್ತಿದ್ದೆ, ಬೆರಳು ಜಾರಿತು."

ಅಪ್ಪನ ನಗು ಮುಖದಲ್ಲೇ ಉಳಿಯಿತು, ಏನು ಮಾಡಬೇಕೆಂದು ಅದಕ್ಕೇ ತಿಳಿಯದ ಹಾಗೆ. ಗುರಿ ತಪ್ಪುವುದನ್ನು ನಮ್ಮವರು ಕ್ಷಮಿಸುತ್ತಾರೆ, ಎಲ್ಲರಿಗೂ ತಪ್ಪುತ್ತದೆ. ಬೇಡವೆಂದಾಗ ಹಾರುವ ಗುಂಡು ಬೇರೆ ಮಾತು. ಅಂಥವರ ಎದುರು ಯಾರೂ ಹಗ್ಗ ಹಿಡಿದು ನಿಲ್ಲುವುದಿಲ್ಲ. ಅಪ್ಪ ಹೊರಗೆ ಹೋಗಿ, ಮೆಣಸಿನಕಾಯಿ ಸುಡುವವನ ತಿರುಗುವ ಜಾಲರಿ ಪೀಪಾಯಿಯ ಪಕ್ಕ ನಿಂತ. ಒನೋಫ್ರೆ ಸದ್ದಿಲ್ಲದೆ ಚೆಂದದ ಬಂದೂಕನ್ನು ಗೋಡೆಗೆ ತೂಗುಹಾಕಿದ. ಅತ್ತೆ ನರಹುಲಿ ಇದ್ದದ್ದನ್ನು ಕೊಂಡಳು.

ಮರಳುವಾಗ ಅಪ್ಪನ ತೊಡೆಯ ಮೇಲೆ ಬಿಸಿ ಮೆಣಸಿನಕಾಯಿಯ ಚೀಲವಿತ್ತು. ಹೊಳೆಯ ಸೇತುವೆ ದಾಟುವಾಗ ಅವನು ಅವಳತ್ತ ತಿರುಗಿದ.

"ಅವತ್ತೇ ಹೇಳಬಹುದಿತ್ತಲ್ಲ, ಅಕ್ಕ."

"ಹೇಳಿದ್ರೆ ಇನ್ನೊಂದ್ಸಲ ಹಗ್ಗ ಹಿಡೀತಿದ್ಯಾ?"

ಅವನು ಚೀಲದ ಬಾಯಿಯನ್ನು ಬಿಗಿಯಾಗಿ ಮಡಚಿದ.

ಆ ಶರತ್ಕಾಲವಿಡೀ ಅತ್ತೆ ಹಿತ್ತಿಲಿನ ಮಣ್ಣಿನ ದಿಬ್ಬಕ್ಕೆ ಹೊಡೆದು ಹೊಸ ಬಂದೂಕಿನ ಗುಣ ಕಲಿತಳು. ಗಿಡ್ಡ ತೋಟಾ ಹಾಕಿದಾಗ ಲಿವರನ್ನು ಅರೆಮನಸ್ಸಿನಿಂದ ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಪೂರ್ತಿ ಎಳೆದರೆ ನುಣ್ಣಗೆ ಬರುತ್ತಿತ್ತು. ನಳಿಗೆಯ ಕೆಳಗಿನ ಕೊಳವೆಯೊಳಗೆ ತೋಟಾಗಳು ಒಂದರ ಮೂತಿ ಇನ್ನೊಂದರ ಬೆನ್ನಿಗೆ ತಾಗಿ ಮಲಗುವುದರಿಂದ, ಚೂಪು ಮೂತಿ ಚುಚ್ಚಿ ಸಿಡಿಯದಿರಲೆಂದು, ಮಾವನ ಡಬ್ಬದಿಂದ ಚಪ್ಪಟೆ ಮೂತಿಯವನ್ನಷ್ಟೇ ಆರಿಸಿಟ್ಟಳು. ಖಾಲಿ ಬಂದೂಕು ಹಿಡಿದು ಗುಂಡಿ ಒತ್ತುವುದು, ಕುದುರೆ ಇಳಿಸುವುದು, ಇದನ್ನು ಜಪಮಾಲೆ ಎಣಿಸಿದಂತೆ ಮಾಡುತ್ತಿದ್ದಳು.

ನಮ್ಮ ಮತಾನ್ಸಾದ ಹಿಂದಿನ ಸಂಜೆ ಅಪ್ಪ ತಾನೇ ಹೋಗಿ ಅಕ್ಕನ ಬಾಗಿಲು ತಟ್ಟಿದ. "ನಾಳೆ ಬರ್ತೀಯಲ್ಲ?" ಎಂದನಂತೆ. ಹಗ್ಗದ ಮಾತು ಆಡಲಿಲ್ಲ.

ಬೆಳಿಗ್ಗೆ ತಾಮ್ರದ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಹೆಂಗಸರು ರೊಟ್ಟಿಯ ಹಿಟ್ಟು ನಾದುತ್ತಿದ್ದರು. ಅಡೆಲೈದೊ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡೇ ಬಂದಿದ್ದ. ಬೇಡವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹಂದಿಯ ಕಾಲಿಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಬೇಲಿಯ ಮೇಲೆ ಎಸೆದಿದ್ದರು. ಗಂಡಸರೆಲ್ಲ ಆ ತುದಿಯನ್ನು ನೋಡಿದರು. ಯಾರೂ ಹತ್ತಿರ ಹೋಗಲಿಲ್ಲ. ಬೇಕಾದರೆ ಕಂಬಕ್ಕೆ ಕಟ್ಟಿಬಿಡಿ ಎಂದಳು ಅತ್ತೆ. ಕಂಬಕ್ಕೆ ಕಟ್ಟಿದ ಹಂದಿ ಎಳೆದಾಡುತ್ತದೆ, ತಲೆ ತಗ್ಗಿಸುವುದಿಲ್ಲ; ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅಪ್ಪ ಕೈಯಲ್ಲಿದ್ದ ಕಾಫಿಯ ಲೋಟವನ್ನು ಬೇಲಿಯ ಮೇಲಿಟ್ಟು ಹಗ್ಗ ಎತ್ತಿಕೊಂಡ. ಹೋದ ವರ್ಷ ನಿಂತಲ್ಲೇ ನಿಂತ. ಈ ಸಲ ಮುಖ ಆಚೆ ತಿರುಗಿಸಲಿಲ್ಲ.

ಜೋಳ ಬಿತ್ತು. ಹಂದಿ ತಲೆ ತಗ್ಗಿಸಿತು. ಬಂದೂಕು ಮೇಲೆದ್ದು ಕುದುರೆ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಅಡುಗೆಯವರ ಕಡೆ ಯಾವುದೋ ಬಾಣಲೆ ಉರುಳಿ, ಹಂದಿ ತಲೆ ಎತ್ತಿ ಕಿವಿ ನಿಮಿರಿಸಿತು. ಅತ್ತೆಯ ಬೆರಳು ಉಕ್ಕಿನ ಗುಂಡಿಯನ್ನು ಒತ್ತಿತು. ಆ ಸಣ್ಣ ಸದ್ದು ಎಲ್ಲರಿಗೂ ಕೇಳಿಸಿತು. ನಳಿಗೆ ನೆಲದತ್ತ ಇಳಿಯಿತು. ಅದರ ಹಿಂದೆಯೇ ಕುದುರೆ ಟಕ್ಕೆಂದು ಬಿತ್ತು. ಬೆರಳು ಮತ್ತೆ ಜಾರಿತ್ತು.

ಏನೂ ಆಗಲಿಲ್ಲ. ಹೊಗೆ ಇಲ್ಲ, ಮಣ್ಣು ಹಾರಲಿಲ್ಲ. ಅಪ್ಪನ ಮುಖ ಬಿಳಿಚಿತ್ತು. ಬೂಟು ಮಾತ್ರ ಇದ್ದಲ್ಲೇ ಇತ್ತು.

"ನಿಧಾನ, ಅಕ್ಕ," ಎಂದ. "ಜೋಳ ಇನ್ನೂ ಇದೆ."

ಜೇಬಿನಿಂದ ಒಂದು ಹಿಡಿ ತೆಗೆದು ಹಂದಿಯ ಮುಂದೆ ತಾನೇ ಸುರಿದ. ಅದು ಒಮ್ಮೆ ಅವನನ್ನು ನೋಡಿ, ಮತ್ತೆ ತಿನ್ನತೊಡಗಿತು. ಅತ್ತೆ ಗುಂಡಿಯನ್ನು ಈಚೆಯಿಂದ ಒತ್ತಿ, ಕುದುರೆ ಎಳೆದಳು. ಈ ಸಲದ ಸದ್ದು ಹಲಗೆಯೊಂದು ನೆಲಕ್ಕೆ ಬಿದ್ದಷ್ಟೇ. ಹಂದಿ ಜೋಳದ ಮೇಲೇ ಮಲಗಿತು. ಕೂಗು ಏಳಲಿಲ್ಲ. ಅತ್ತೆಯ ಕೈ ಅಷ್ಟರಲ್ಲಿ ಲಿವರ್ ಎಳೆದು ಎರಡನೆಯದಕ್ಕೆ ಸಿದ್ಧವಾಗಿತ್ತು. ಹಂದಿಯ ಕಣ್ಣು ನೋಡಿ, ಬೇಡವೆಂದು ಕಂಡ ಮೇಲೆ, ಗುಂಡಿ ಒತ್ತಿ ಕುದುರೆ ಇಳಿಸಿ, ಶಿಲುಬೆಯ ಗುರುತು ಹಾಕಿಕೊಂಡಳು. ಬಿಸಿ ಈಲಿ ಬಂದಾಗ ಬೆಂಕಿಯ ಪಕ್ಕ ನಿಂತು ತಿಂದಳು.

ಮರುವಾರ ಕೆಳಕೇರಿಯ ಕಾಸಿಮಿರಾ ಅವಳ ಬಾಗಿಲು ತಟ್ಟಿದಾಗ ನಾನು ಅಲ್ಲೇ ಇದ್ದೆ. ನಾಳೆ ಬರುತ್ತೀಯಲ್ಲ ಎಂದು ಕೇಳಿ, ಎಂದಿನಂತೆ ಹೊರಡಲು ತಿರುಗಿದಳು. ಅತ್ತೆ ತಡೆದಳು.

"ಬರ್ತೀನಿ. ನನ್ನ ಹೆಬ್ಬೆರಳು ಜಾರುತ್ತೆ ಕಾಸಿಮಿರಾ, ಅದಕ್ಕೇ ಗುಂಡಿ ಇರೋ ಬಂದೂಕು ತಂದಿದ್ದೀನಿ. ಹಗ್ಗ ಹಿಡಿಯೋರಿಗೆ ಇದನ್ನ ಮೊದಲೇ ಹೇಳಿರು. ಒಪ್ಪಿದ್ರೆ ನಿಲ್ಲಲಿ."

ಕಾಸಿಮಿರಾ ಹೊಸ್ತಿಲಿಗೆ ಮರಳಿ ಬಂದಳು.

"ಹಗ್ಗ ಎಫೇಮಿಯೊ ಹಿಡೀತಾನಂತೆ," ಎಂದಳು. "ನಿನ್ನೆನೇ ಬಂದು ಹೇಳಿ ಹೋದ."