ಬಿಂದಿಗೆ ಮೇಷ್ಟ್ರು

ಪಾರ್ಥಸಾರಥಿಯ ಹೊಟ್ಟೆ ಉರಿಯತೊಡಗಿದ್ದು ಗೋಡೆಯಾಚೆಯ ನಗು ಕೇಳಿ. ಮಂಡ್ಯದ ಪಂಚಾಯಿತಿ ಕಾರ್ಯದರ್ಶಿಗಳ ತರಬೇತಿ ಶಾಲೆಯಲ್ಲಿ ಅವನು ಹಂಗಾಮಿ ಮೇಷ್ಟ್ರು. ಮಧ್ಯಾಹ್ನದ ಹೊತ್ತು ಅವನ ಕೋಣೆಯಲ್ಲಿ ಪಂಚಾಯಿತಿ ಕಾಯಿದೆಯ ಪಾಠ ನಡೆಯುತ್ತಿತ್ತು. ನಡೆಯುತ್ತಿತ್ತು ಅಂದರೆ, ಅವನು ಓದುತ್ತಿದ್ದ, ಎದುರಿಗಿದ್ದ ಕಾರ್ಯದರ್ಶಿಗಳು ಮುದ್ದೆ ಉಂಡ ಸುಖದಲ್ಲಿ ತೂಗುತ್ತಿದ್ದರು. ಪಕ್ಕದ ಕೋಣೆಯಲ್ಲೂ ಮುದ್ದೆ ಉಂಡವರೇ ಇದ್ದದ್ದು. ಆದರೂ ಅಲ್ಲಿ ಹೆಂಚು ಹಾರುವಂಥ ನಗು. ಅದು ಪುಟ್ಟರಾಜುವಿನ ತರಗತಿ.

ಪುಟ್ಟರಾಜುವೂ ಹಂಗಾಮಿಯೇ. ೧೯೭೪ರ ಆ ಬೇಸಿಗೆಯಲ್ಲಿ ಒಂದು ಹುದ್ದೆ ಕಾಯಂ ಆಗುವುದಿತ್ತು. ಸಿಕ್ಕಿದವನು ಮಂಡ್ಯದಲ್ಲೇ ಮೇಷ್ಟ್ರು, ಸಿಗದವನು ಮಳವಳ್ಳಿಯ ತಾಲ್ಲೂಕು ಬೋರ್ಡಿಗೆ ಗುಮಾಸ್ತೆ ಕೆಲಸಕ್ಕೆ ವಾಪಸ್ಸು. ಪಾರ್ಥಸಾರಥಿ ಬಿ.ಎ. ಮೊದಲ ದರ್ಜೆ, ಕಾಯಿದೆಯ ಕಲಮುಗಳನ್ನು ನಿದ್ದೆಯಲ್ಲೂ ಒಪ್ಪಿಸುತ್ತಿದ್ದ. ಪುಟ್ಟರಾಜು ಎರಡು ಸಲ ಡುಮ್ಕಿ ಹೊಡೆದು ಪಾಸಾದವನು. ಅಂಗಿಯ ಕಾಲರು ಯಾವಾಗಲೂ ಒಂದು ಕಡೆ ಒಳಗೆ ಮಡಚಿಕೊಂಡಿರುತ್ತಿತ್ತು. ಅಂಥವನ ತರಗತಿಯಲ್ಲಿ ಜನ ನಗುವುದೆಂದರೇನು?

ಪುಟ್ಟರಾಜು ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಬೋರ್ಡಿನ ಮೇಲೆ 'ಬಿದರಕೊಪ್ಪಲಿನ ನಲ್ಲಿ' ಎಂದು ಬರೆಯುತ್ತಿದ್ದ. ಮದ್ದೂರಿನ ಕಡೆಯ ಆ ಹಳ್ಳಿಯಲ್ಲಿ ನಿಜವಾಗಿ ನಡೆದದ್ದು: ಇದ್ದ ಒಂದೇ ನಲ್ಲಿ ಛೇರ್ಮನ್ನರ ಮನೆ ಮುಂದೆ, ಮೇಲಿನ ಬೀದಿಯವರಿಗೆ ನೀರಿಲ್ಲ.

"ಮಾದಯ್ಯ, ನೀನೇ ಛೇರ್ಮನ್ನು. ಮೀಸೆ ತಿರುವು. ಕೆಂಪಸಿದ್ದಯ್ಯ, ನೀನು ಮೇಲಿನ ಬೀದಿ ಚಿಕ್ಕಬೋರಮ್ಮ. ಏನ್ ಕೇಳ್ತೀಯೋ ಕೇಳು."

ಕೆಂಪಸಿದ್ದಯ್ಯ ಟವೆಲನ್ನು ಸೆರಗು ಮಾಡಿಕೊಂಡು ಎದ್ದನೆಂದರೆ ತರಗತಿ ಮುಗಿಯುವವರೆಗೆ ಜಗಳ, ನಗು, ವಾದ. ಕೊನೆಗೆ ಮೇಲಿನ ಬೀದಿಗೂ ಒಂದು ನಲ್ಲಿ ಬಂದದ್ದನ್ನು ಹೇಳಿ ಪುಟ್ಟರಾಜು 'ಮುಗಿಯಿತು' ಎಂದು ಬರೆಯುತ್ತಿದ್ದ.

ಪಾರ್ಥಸಾರಥಿಯೂ ಒಮ್ಮೆ ಹಾಗೇ ಮಾಡಿ ನೋಡಿದ. ಒಂದು ಊರಿನ ಚರಂಡಿಯ ವಿಷಯ ಬರೆದುಕೊಂಡು ಬಂದು, ಕಲಮುಗಳ ಸಮೇತ ಓದಿದ. ಓದಿ ಮುಗಿಸಿದಾಗ ಎಚ್ಚರವಿದ್ದದ್ದು ಒಂದು ನೊಣ. ಅದೂ ಕಿಟಕಿ ಹುಡುಕುತ್ತಿತ್ತು.

ಹಾಲಿನವನ ಬಾಯಿಂದ ಬಿದರಕೊಪ್ಪಲಿನ ಹೊಸ ನಲ್ಲಿ ಒಣಗಿದೆ ಎಂಬ ಸುದ್ದಿ ಬಿದ್ದದ್ದೇ ತಡ, ಪಾರ್ಥಸಾರಥಿ ಭಾನುವಾರದ ಬಸ್ಸು ಹಿಡಿದ. ಮೇಲಿನ ಬೀದಿಯ ನಲ್ಲಿಗೆ ಯಾರೋ ಮೇಕೆ ಕಟ್ಟಿದ್ದರು. ಆ ಮೇಕೆಗೊಂದು ಹಾರ ಹಾಕೋಣ ಅನ್ನಿಸುವಷ್ಟು ಸಂತೋಷವಾಯಿತು ಅವನಿಗೆ. ಪಾಠದಲ್ಲಿ ಬರುವ ಚಿಕ್ಕಬೋರಮ್ಮ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಅಜ್ಜಿ, ನೀವು ಮಂಡ್ಯಕ್ಕೆ ಬಂದು 'ಪುಟ್ಟರಾಜು ಹೇಳಿದ್ದು ಸುಳ್ಳು' ಅಂತ ಒಂದು ಮಾತು ಹೇಳಬೇಕು."

"ಅದ್ಯಾಕ್ ಬರಾಕಿಲ್ಲ, ಬತ್ತೀನಿ ಕಣ್ ಸ್ವಾಮಿ. ಬಿಂದಿಗೆನೂ ತತ್ತೀನಿ. ಬರೀ ಬಾಯಲ್ಲಿ ಯೋಳುದ್ರೆ ಯಾರ್ ನಂಬ್ತಾರೆ?"

ಪ್ರಿನ್ಸಿಪಾಲ್ ಶ್ಯಾಮಣ್ಣನವರು ಪುಟ್ಟರಾಜುವಿನ ತರಗತಿಯಲ್ಲಿ ಕೂತು ನೋಡುವ ದಿನಕ್ಕೇ ಸರಿಯಾಗಿ ಪಾರ್ಥಸಾರಥಿ ಅಜ್ಜಿಯನ್ನು ಕರೆತಂದ. ಮಂಡ್ಯದಲ್ಲಿ ಬಸ್ಸಿಳಿದದ್ದೇ, "ನನ್ ಸೊಂಟ ಬಿದ್ದೋಗದೆ, ನೀವೇ ಇಡ್ಕಳಿ" ಎಂದು ಅಜ್ಜಿ ಹಿತ್ತಾಳೆ ಬಿಂದಿಗೆಯನ್ನು ಅವನ ಹೆಗಲಿಗೇರಿಸಿದಳು. ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಬಿಂದಿಗೆ. ದಾರಿಯಲ್ಲಿ ಸಿಕ್ಕ ಕಾರ್ಯದರ್ಶಿಗಳು "ನಮಸ್ಕಾರ ಸಾ" ಎಂದು ಕೈಮುಗಿದರು. ಇವನಿಗೋ ಬಿಂದಿಗೆಗೋ ತಿಳಿಯಲಿಲ್ಲ.

ಒಳಗೆ ಹೋದಾಗ ಪುಟ್ಟರಾಜು ಆಗಷ್ಟೇ 'ಮುಗಿಯಿತು' ಎಂದು ಬರೆದಿದ್ದ. ಚಿಕ್ಕಬೋರಮ್ಮನ ಕಣ್ಣು ಮೂರನೇ ಬೆಂಚಿನ ಮೇಲೆ ಬಿತ್ತು. ಅಲ್ಲಿ ಕೂತಿದ್ದವನು ಅವಳ ಊರಿನದೇ ಕಾರ್ಯದರ್ಶಿ ಸಿದ್ದರಾಜು.

"ಲೇ ಸಿದ್ರಾಜು! ಇಲ್ ಬಂದು ಕುಂತಿದ್ದೀಯೇನ್ಲಾ? ನೀ ಆಕ್ಸಿದ ನಲ್ಲೀಲಿ ಗಾಳಿ ಬತ್ತದೆ ಕಣ್ಲಾ, ಗಾಳಿ! ಕೆಳಗ್ಲವರು ನಲ್ಲಿ ನಿಲ್ಲಿಸ್ದೆ ಇದ್ರೆ ನಮ್ ಬೀದಿಗೆ ನೀರು ಎಂಗ್ಲಾ ಅತ್ತೀತು?"

ಸಿದ್ದರಾಜು ಬೆಂಚಿನ ಕೆಳಗೆ ಚಪ್ಪಲಿ ಹುಡುಕುವವನಂತೆ ಬಗ್ಗಿದ. ಪಾರ್ಥಸಾರಥಿಯ ಎದೆ ತಂಪಾಯಿತು. ಆದರೆ ಅಜ್ಜಿ ನಿಲ್ಲಿಸಲಿಲ್ಲ.

"ಈ ಅಯ್ನೋರು, 'ಪುಟ್ಟರಾಜು ಯೋಳಿದ್ದು ಸುಳ್ಳು ಅನ್ನು' ಅಂತ ಬಸ್ ಚಾರ್ಜ್ ಕೊಟ್ಟು ಕರ್ಕಬಂದವ್ರೆ. ಪುಟ್ಟರಾಜು ಯಾರಪ್ಪಾ ಇಲ್ಲಿ?"

ಎಲ್ಲರೂ ಪಾರ್ಥಸಾರಥಿಯ ಕಡೆ ತಿರುಗಿದರು. ಆಮೇಲೆ ಹೆಂಚು ಹಾರುವಂಥದೇ ನಗು. ಈ ಸಲ ಪಾರ್ಥಸಾರಥಿ ಅದರ ಮಧ್ಯದಲ್ಲೇ ನಿಂತಿದ್ದ.

ಪುಟ್ಟರಾಜುವೂ ನಕ್ಕ. "ನಾನೇ ಕಣಮ್ಮ. ಸುಳ್ಳೇ ಯೋಳಿದ್ದೀನಿ, ಕೂತ್ಕೋ" ಎಂದು ತನ್ನ ಕುರ್ಚಿ ಕೊಟ್ಟ. 'ಮುಗಿಯಿತು' ಎಂಬುದನ್ನು ಅಂಗೈಯಲ್ಲೇ ಒರೆಸಿದ. "ಈಗ ಯೋಳ್ರಪ್ಪ. ನಲ್ಲಿ ಅದೆ, ನೀರಿಲ್ಲ. ಏನ್ ಮಾಡಾನ?" ಕೆಂಪಸಿದ್ದಯ್ಯ ಟವೆಲ್ ತೆಗೆದು ಕೂತ, ನಿಜವಾದ ಚಿಕ್ಕಬೋರಮ್ಮನೇ ಛೇರ್ಮನ್ ಮಾದಯ್ಯನ ಮೇಲೆ ಬಿದ್ದಳು. ಬೆಳಗ್ಗೆ ಮೊದಲು ಮೇಲಿನ ಬೀದಿಗೆ ನೀರು, ಆಮೇಲೆ ಕೆಳಗಿನ ನಲ್ಲಿ ಎಂದು ಎಲ್ಲರೂ ಸೇರಿ ಗೊತ್ತುಮಾಡಿದರು. ಹಾಗೇ ಮಾಡಿಸುತ್ತೇನೆಂದು ಸಿದ್ದರಾಜು ಅಜ್ಜಿಯ ಮುಂದೆ ಒಪ್ಪಬೇಕಾಯಿತು, ಮಾಡಿಸಿಯೂ ಬಿಟ್ಟ.

"ಕತೆಯೊಳಗಿನವರನ್ನೇ ತರಗತಿಗೆ ಕರೆಸಿದ್ದೀರಲ್ಲ, ಭೇಷ್ ಪುಟ್ಟರಾಜು!" ಎಂದರು ಶ್ಯಾಮಣ್ಣನವರು.

"ನಾನಲ್ಲ ಸಾರ್, ಕರ್ಕೊಂಡು ಬಂದಿದ್ದು ಪಾರ್ಥಸಾರಥಿಯವರು."

ಆ ಒಳ್ಳೆಯತನವನ್ನು ಪಾರ್ಥಸಾರಥಿ ಇಂದಿಗೂ ಕ್ಷಮಿಸಿಲ್ಲ. ಅಜ್ಜಿ ಹೊರಡುವಾಗ ಶಾಲೆಯ ನಲ್ಲಿಯಲ್ಲಿ ಬಿಂದಿಗೆ ತುಂಬಿಸಿಕೊಂಡಳು. ಬಸ್ ನಿಲ್ದಾಣದವರೆಗೆ ಅದನ್ನು ಹೊತ್ತವನೂ ಅವನೇ.

ವಾರದ ಮೇಲೆ ಶ್ಯಾಮಣ್ಣನವರು ಕರೆಸಿದರು. "ನಿಮಗೆ ಕಾಯಿದೆ ಚೆನ್ನಾಗಿ ಗೊತ್ತಪ್ಪ. ಅವನಿಗೆ ಜನ ನಿದ್ದೆ ಹೋಗದ ಹಾಗೆ ನೋಡ್ಕೊಳ್ಳೋದು ಗೊತ್ತು."

ಹೀಗೆ ಪಾರ್ಥಸಾರಥಿ ಮಳವಳ್ಳಿ ಸೇರಿದ. ಅಲ್ಲಾದರೂ ನೆಮ್ಮದಿ ಉಂಟೇ? ಪುಟ್ಟರಾಜು ಈಗ ಹೊಸ ಪಾಠ ಹೇಳುತ್ತಿದ್ದ: ಒಂದು ಶಾಲೆ, ಇಬ್ಬರು ಮೇಷ್ಟ್ರು, ಒಬ್ಬನ ಹೆಗಲ ಮೇಲೆ ಬಿಂದಿಗೆ. ಹೆಸರು ಹೇಳುತ್ತಿರಲಿಲ್ಲ, ಆದರೆ ಮೂರು ತಾಲ್ಲೂಕಿನ ಕಾರ್ಯದರ್ಶಿಗಳಿಗೆ ಹೆಸರು ಬೇಕೂ ಇರಲಿಲ್ಲ.

"ಬಿಂದಿಗೆ ಮೇಷ್ಟ್ರು ಅಂದ್ರೆ ನೀವೇಯಾ ಸಾ?" ಎಂದು ಒಂದು ದಿನ ನಾಗಯ್ಯನೆಂಬ ಹೊಸ ಕಾರ್ಯದರ್ಶಿ ಮೇಜಿನ ಮುಂದೆ ನಿಂತ.

ಪಾರ್ಥಸಾರಥಿ ಅವನನ್ನು ಕೂರಿಸಿ, ಕಾಫಿ ತರಿಸಿ, ಮೇಕೆಯಿಂದ ಹಿಡಿದು ಎಲ್ಲವನ್ನೂ ತಾನೇ ಹೇಳಿದ. ಪುಟ್ಟರಾಜುವಿಗೆ ಮೇಕೆಯ ವಿಷಯ ಗೊತ್ತೇ ಇರಲಿಲ್ಲವಲ್ಲ! ನಾಗಯ್ಯ ನಿದ್ದೆ ಹೋಗಲಿಲ್ಲ. ಎರಡು ಕಡೆ ನಕ್ಕ ಕೂಡ. ಎದ್ದು ಹೊರಡುವಾಗ ಅಂದ: "ಚೆಂದಾಗದೆ ಸಾ. ಆದ್ರೆ ಪುಟ್ಟರಾಜು ಸಾರು ಆ ಅಜ್ಜಿ ತರಾನೇ ಮಾತಾಡಿ ತೋರುಸ್ತಾರೆ ನೋಡಿ..."

ಆ ಸಂಜೆ ಪಾರ್ಥಸಾರಥಿ ತನ್ನ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡ. ಟವೆಲನ್ನು ತಲೆಯ ಮೇಲೆ ಸೆರಗಿನ ಹಾಗೆ ಹೊದ್ದು, ಸೊಂಟದ ಮೇಲೆ ಕೈಯಿಟ್ಟು, "ಲೇ ಸಿದ್ರಾಜು! ಗಾಳಿ ಬತ್ತದೆ ಕಣ್ಲಾ, ಗಾಳಿ!" ಎಂದು ಒಂದು ಸಲ ಅಂದು ನೋಡಿದ. ಸರಿಬರಲಿಲ್ಲ. ದನಿ ಏರಿಸಿ ಮತ್ತೆ ಅಂದ. ಇನ್ನೂ ಏರಿಸಿದ.

ಬಾಗಿಲು ದಬದಬ ಬಡಿಯಿತು. ಮನೆಯ ಯಜಮಾನಿ ತಿರುಮಲಮ್ಮ.

"ಏನಪ್ಪಾ ಪಾರ್ಥಸಾರಥಿ, ಒಂಟಿ ಹುಡುಗ ಮರ್ಯಾದಸ್ಥ ಅಂತ ಕೋಣೆ ಕೊಟ್ಟರೆ, ಯಾರೋ ಅದು ಒಳಗೆ ಹೆಂಗಸು?"

ಪಾರ್ಥಸಾರಥಿ ಟವೆಲಿನ ಸಮೇತ ಬಾಗಿಲು ತೆಗೆದ.

"ಅಷ್ಟು ಚೆನ್ನಾಗಿ ಬಂತಾ ಅಮ್ಮಾ?"