ದೋರನಹಳ್ಳಿ ರಸ್ತೆಯಲ್ಲಿ ಹೋಲ್ಡಾನ್

ಮೂವತ್ತೊಂದು ವರ್ಷ ಯಾದಗಿರಿ, ಶಹಾಪುರ, ಸುರಪುರ ಎಂದು ಬಸ್ಸು ಓಡಿಸಿದವನು ನಾನು. ಎಷ್ಟೋ ಜನರನ್ನು ಊರು ಮುಟ್ಟಿಸಿದೆನೆಂಬ ಜಂಬ ಇನ್ನೂ ಇಳಿದಿಲ್ಲ. ಆದರೆ ಅಷ್ಟು ವರ್ಷವೂ ನಾನು ಕುಳಿತೇ ಇದ್ದೆ ಎಂಬುದು ನಿವೃತ್ತನಾಗಿ ಎದ್ದು ನಿಂತಾಗಲೇ ಹೊಳೆದದ್ದು. ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದನ್ನು ಅಲ್ಲಿಯವರೆಗೆ ಸ್ಟೇರಿಂಗು ಮರೆಮಾಡಿತ್ತು.

ಸರಿ, ವಾಕಿಂಗ್ ಶುರುವಾಯಿತು. ಶಹಾಪುರದ ನಮ್ಮ ಮನೆಯಿಂದ ದೋರನಹಳ್ಳಿ ರಸ್ತೆಯ ಚಹಾದಂಗಡಿಗೆ ಹೋಗಿ ಬರುವುದು. ಡ್ರೈವರನ ಬುದ್ಧಿ ನೋಡಿ, ಅದಕ್ಕೂ ರನ್ನಿಂಗ್ ಟೈಮ್ ಹಾಕಿಕೊಂಡೆ! ಮುಂದೆ ಯಾರಾದರೂ ನಡೆಯುತ್ತಿದ್ದರೆ ಓವರ್‌ಟೇಕ್ ಮಾಡದೆ ಸಮಾಧಾನವಿಲ್ಲ. ಹಾರ್ನ್ ಇಲ್ಲದ್ದಕ್ಕೆ ಕೆಮ್ಮುತ್ತಿದ್ದೆ.

"ಯಾವ ಪ್ಯಾಸೆಂಜರು ಕಾಯಾಕತ್ತಾರಂತ ಹಿಂಗ ಓಡ್ತೀರಿ?" ಎಂದು ಹೆಂಡತಿ ನೀಲಮ್ಮ ಕೇಳಿದಳು. ಅವಳಿಗೂ ಒಮ್ಮೆ ಕೆಮ್ಮಿ ಓಡಿದೆ; ಕೊನೆಗೆ ಮೊಣಕಾಲು ಬಾತುಕೊಂಡಿತು. "ಇನ್ನೊಮ್ಮಿ ಬಾತ್ರ ವಾಕಿಂಗೇ ಬಂದ್ ಮಾಡಬೇಕು ನೋಡ್ರಿ," ಎಂದರು ಡಾಕ್ಟರು. ನಿವೃತ್ತಿಯ ದಿನ ಬಾರದ ಅಳು ಅಂದು ಬಂತು. ಈಗ ಮನೆಯಲ್ಲಿ ಕುಳಿತರೆ ಮತ್ತೆ ಏಳಲಾರೆನೆಂದು ನಿಜಕ್ಕೂ ಹೆದರಿದೆ.

ನಮ್ಮೂರ ಗುಡ್ಡ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ದೇಹವನ್ನು ಬಹಳ ದಂಡಿಸಲೂ ಬೇಡಿ, ಬಹಳ ಮುದ್ದಿಸಲೂ ಬೇಡಿ ಎಂದು ಮಧ್ಯಮ ಮಾರ್ಗ ತೋರಿದವನು. ರಸ್ತೆಯ ಮಧ್ಯದಲ್ಲಿ ಹೋಗಬಾರದೆಂದಷ್ಟೇ ಕಲಿತ ನಾನು ದಿನವೂ ಅವನೆದುರೇ ಧಾವಿಸುತ್ತಿದ್ದೆ.

ಸುದ್ದಿ ಕೇಳಿ ಶರಣಪ್ಪ ಬಂದ. ನನ್ನ ಬಸ್ಸಿನಲ್ಲಿ ಹನ್ನೆರಡು ವರ್ಷ ಕಂಡಕ್ಟರ್ ಆಗಿದ್ದವನು, ನನ್ನ ಹಿಂದೆಯೇ ನಿವೃತ್ತನಾದವನು. "ಅಣ್ಣಾ, ನೀವು ಯಾರ ಮಾತೂ ಕೇಳೋರಲ್ಲ. ನಾ ಹೋಲ್ಡಾನ್ ಅಂದ್ರ ಮಾತ್ರ ನಿಂದರತೀರಿ. ನಾನೂ ಬರ್ತೀನಿ ನಡೀರಿ," ಎಂದ.

ಮರುದಿನದಿಂದ ನಾನು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಬೇವಿನ ಮರ ಬಂದರೆ "ಹೋಲ್ಡಾನ್!" ಸಣ್ಣ ಸೇತುವೆ ಬಂದರೆ "ಹೋಲ್ಡಾನ್!" ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಒಂದಿಷ್ಟು ಹರಟೆ, ಮತ್ತೆ "ರೈಟ್!" ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಎರಡೇ ತಿಂಗಳಲ್ಲಿ ಮೊಣಕಾಲು ಪೂರ್ತಿ ವಾಸಿಯಾಯಿತು.

ಇನ್ನು ಈ ನಿಲುಗಡೆಗಳೆಲ್ಲ ರದ್ದು, ಇವತ್ತು ನಾನ್‌ಸ್ಟಾಪ್ ಎಂದು ಹೇಳಬೇಕೆಂದೇ ಒಂದು ಬೆಳಿಗ್ಗೆ ಹೊರಟೆ. ಬೇವಿನ ಮರದ ಹತ್ತಿರ ಎಂದಿನಂತೆ "ಹೋಲ್ಡಾನ್" ಕೇಳಿಸಿತು. ಹೇಳಿಬಿಡೋಣವೆಂದು, ಅವನು ಪಕ್ಕಕ್ಕೆ ಬರುವ ಮೊದಲೇ ತಿರುಗಿದೆ. ಬಸ್ಸಿನಲ್ಲಿ ಅವನ ದನಿ ಕೇಳಿ ನಿಲ್ಲಿಸುತ್ತಿದ್ದೆನೇ ಹೊರತು ಎಂದೂ ಹಿಂತಿರುಗಿ ನೋಡಿದವನಲ್ಲ. ಶರಣಪ್ಪ ಮೈಲಿಗಲ್ಲಿಗೆ ಕೈಯೂರಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ನನ್ನನ್ನು ಕಂಡು ತಟ್ಟನೆ ನೆಟ್ಟಗಾದ. "ನಿಮ್ಮ ಮೊಣಕಾಲಿಗೆ ಆರಾಮ ಬೇಕಲ್ರಿ," ಎಂದ.

ಕೊನೆಗೆ ರದ್ದಾದದ್ದು ನನ್ನ ನಾನ್‌ಸ್ಟಾಪ್. ಮರುದಿನ ಬೇವಿನ ಮರ ಇನ್ನೂ ದೂರವಿರುವಾಗಲೇ, ಜನ್ಮದಲ್ಲಿ ಮೊದಲ ಸಲ ನಾನೇ "ಹೋಲ್ಡಾನ್!" ಎಂದು ಕೂಗಿದೆ.

"ಯಾಕಣ್ಣ, ಮೊಣಕಾಲೇನ್ರಿ?"

"ಹೌದೋ ಮಾರಾಯ, ಭಾಳ ನೋಯಾಕತ್ತದ. ಕುಂಡ್ರು ಸ್ವಲ್ಪ," ಎಂದೆ.