ವಿಜಯಾ ಆಂಟಿಯ ಚಾವಣಿ

ಯಾರ ಮನೆಗೆ ಹೋದರೂ ವಿಜಯಾ ಆಂಟಿ ಮೊದಲು ಕತ್ತೆತ್ತಿ ಚಾವಣಿ ನೋಡುತ್ತಿದ್ದರು. ಮನೆಯವರಿಗೆ ನಮಸ್ಕಾರ ಆಮೇಲೆ. “ಇಷ್ಟು ದೊಡ್ಡ ಮನೆ ತಗೊಂಡು, ತಲೆ ಮೇಲೆ ರಟ್ಟಿನ ಡಬ್ಬ ಮುಚ್ಕೊಂಡಿದೀರಲ್ರೀ” ಎಂದು, ಅಮೆರಿಕದ ನಮ್ಮೂರು ಅಲ್ಫರೆಟಾದ ಅರ್ಧ ಕನ್ನಡಿಗರ ಮುನಿಸು ಕಟ್ಟಿಕೊಂಡಿದ್ದರು.

ಅವರ ಹುಚ್ಚು ಹದಿನೆಂಟನೇ ಶತಮಾನದ ಇಂಗ್ಲೆಂಡಿನದು. ಮಣ್ಣಿನಡಿ ಸಿಕ್ಕ ರೋಮನ್ ಮನೆಗಳ ಹೂಜಿ, ಹೂಮಾಲೆಗಳ ಚಿತ್ತಾರವನ್ನು ಅಲ್ಲಿನವರು ತೆಳು ಗಾರೆಯಲ್ಲಿ ಚಾವಣಿಗೇರಿಸಿದ ಕಾಲವದು. ಅಂಥದ್ದನ್ನು ನೋಡಲೆಂದೇ ಆಂಟಿ ಪಕ್ಕದ ರಾಜ್ಯದ ಚಾರ್ಲ್ಸ್‌ಟನ್ನಿನ ಹಳೆಯ ಮನೆಗಳಿಗೆ ಹೋಗಿಬರುತ್ತಿದ್ದರು. ಕೊರೊನಾದಲ್ಲಿ ನಾವೆಲ್ಲ ಬ್ರೆಡ್ ಮಾಡಲು ಕಲಿತರೆ, ಅವರು ಅಚ್ಚಿಗೆ ಗಾರೆ ಎರೆಯಲು ಕಲಿತರು. ಊಟದ ಕೋಣೆಯ ಚಾವಣಿಗೆ ತಿಳಿಹಸಿರು ಬಳಿದು, ಅದರ ಮೇಲೆ ಉಗುರಿನಷ್ಟು ತೆಳುವಾದ ಬಿಳಿ ಎಲೆಗಳ ತೋರಣ, ನಡುವೆ ಹೂಜಿಗಳನ್ನು ಕೂರಿಸಿದರು. “ಜಾಸ್ತಿ ತುಂಬಬಾರ್ದು ಕಣೇ. ಈ ಖಾಲಿ ಜಾಗ ಇದ್ಯಲ್ಲ, ಅದೇ ಎಲೆಗೆ ಉಸಿರು” ಎನ್ನುತ್ತಿದ್ದರು. ತಮ್ಮದು ಅಂತ ಅವರು ಮಾಡಿಕೊಂಡಿದ್ದು ಅದೊಂದೇ.

ಮಗನ ಮದುವೆಗೆ ಮುಂಚೆ ಮನೆಯಲ್ಲಿ ಹೋಮವಿತ್ತು. ಇಲ್ಲಿ ಎಲ್ಲರೂ ಗ್ಯಾರೇಜಿನಲ್ಲೇ ಹೋಮ ಮಾಡುವುದು. ಬಾಗಿಲೆತ್ತಿದರೆ ಹೊಗೆ ಹೊರಗೆ. ಅವತ್ತು ವಿಪರೀತ ಚಳಿ. “ಅಗ್ನೀನ ಕಾರ್ ಪಕ್ಕ ಕೂರಿಸ್ತೀಯಾ? ಡೈನಿಂಗ್ ರೂಮಲ್ಲೇ ಮಾಡೋಣ, ಸ್ಮೋಕ್ ಅಲಾರ್ಮ್ ಆಫ್ ಮಾಡ್ತೀನಿ” ಎಂದರು ಅವರ ಗಂಡ ಶ್ರೀಪತಿ ಅಂಕಲ್.

“ಬೇಡ ರೀ, ನನ್ನ ಎಲೆಗಳೆಲ್ಲ ಕಪ್ಪಾಗ್ತವೆ.”

ಶುಭಕಾರ್ಯದಲ್ಲಿ ಅಪಶಕುನ ನುಡಿಯಬೇಡವೆಂದು ಹಿರಿಯರು ಅವರ ಬಾಯಿ ಮುಚ್ಚಿಸಿದರು. ತುಪ್ಪದ ಹೊಗೆ ಎಲೆ ಎಲೆಗೂ ಮೆತ್ತಿತು. ಗಾಯದ ಮೇಲೆ ಬರೆ ಎಳೆದಂತೆ, ಆಂಟಿ ಸೀರೆ ತರಲು ಹೋಗಿದ್ದಾಗ ಅಂಕಲ್ ಪೇಂಟರನ್ನು ಕರೆಸಿ ಚಾವಣಿಗೆಲ್ಲ ದಪ್ಪ ಬಿಳಿ ಬಣ್ಣ ಸ್ಪ್ರೇ ಮಾಡಿಸಿದರು. “ಸರ್‌ಪ್ರೈಸ್! ಬ್ರ್ಯಾಂಡ್ ನ್ಯೂ!” ಹಸಿರು ಮಾಯವಾಗಿತ್ತು. ಎಲೆಗಳು ಮೊಸರಲ್ಲಿ ಮುಳುಗಿದ ವಡೆಗಳ ಹಾಗೆ ಕಾಣುತ್ತಿದ್ದವು. ನನಗೆ ಮೈಯೆಲ್ಲ ಉರಿಯಿತು.

ಆಂಟಿ ಜಗಳವಾಡಲಿಲ್ಲ. ಮದುವೆ ಮುಗಿದ ಮೇಲೆ ಏಣಿ ಹತ್ತಿ, ಹಲ್ಲುಕಡ್ಡಿ ಹಿಡಿದು ಬಣ್ಣ ಕೆರೆದು ಒಂದೊಂದೇ ಎಲೆಯ ಅಂಚು ಬಿಡಿಸತೊಡಗಿದರು. ಅಂಕಲ್ ಅದನ್ನು “ಅವಳ ಹಾಬಿ” ಎನ್ನುತ್ತಿದ್ದರು. ನಾನು ಕೊನೆಯ ಸಲ ಹೋದಾಗ ಆಂಟಿಯ ಕತ್ತು ಸೆಟೆದುಹೋಗಿತ್ತು, ಕೂದಲ ತುಂಬ ಬಣ್ಣದ ಪುಡಿ. “ಒಂದು ಹೂಜಿ ಪೂರ್ತಿ ಆಚೆ ಬಂತು ನೋಡೇ!” ಎಂದು ಮೇಲಿಂದಲೇ ನಕ್ಕರು. ಕೆಲವೇ ವಾರಗಳಲ್ಲಿ ಹೃದಯಾಘಾತವಾಗಿ ತೀರಿಕೊಂಡರು.

ವೈಕುಂಠ ಸಮಾರಾಧನೆಯ ಊಟ ಅದೇ ಕೋಣೆಯಲ್ಲಿ. ನಾನು ಆ ಹೂಜಿಗಾಗಿ ಮೇಲೆಲ್ಲ ಹುಡುಕಿದೆ. ಎಲ್ಲಿ ನೋಡಿದರೂ ಹಸಿ ಬಿಳುಪು. ಅಂಕಲ್ ಪಕ್ಕಕ್ಕೆ ಬಂದು ಕಣ್ಣೊರೆಸಿಕೊಂಡರು.

“ಈ ಸೀಲಿಂಗ್ ಅಂದ್ರೆ ಅವಳಿಗೆ ಪ್ರಾಣ ಕಣಮ್ಮ. ಅದಕ್ಕೇ ಇನ್ನೊಂದು ಕೋಟ್ ಹೊಡೆಸ್ದೆ.”